ಬಸ್ಸಿನ ಕಲೆಕ್ಷನ್ ಏರಿದ್ದು ಯಾಕೆ? ಯೋಚನೆಗೆ ಮಾರ್ಕ್ಸ್ ಹಾಕುವ ಕಷ್ಟ

ಕಳೆದ ಜುಲೈಯ ಒಂದು ಶನಿವಾರ. ಮಂಗಳೂರಿನಲ್ಲಿ ಜಡಿಮಳೆ. ನಮ್ಮ ಕೊನೆಯ ವರ್ಷದ ಬಿಕಾಂ ಮಕ್ಕಳ ಕೈಗೆ ನಾಲ್ಕು ಹಾಳೆ ಕೊಟ್ಟೆ. 'ಇದು ಇಂಟರ್ನಲ್ ಅಲ್ಲ, ಮಾರ್ಕ್ಸ್ ಇಲ್ಲ, ಒಂದು ಗಂಟೆ ಟೈಮ್ ಉಂಟು' ಅಂದೆ. ಮಾರ್ಕ್ಸ್ ಇಲ್ಲ ಅಂದ ಕೂಡಲೇ ಹಿಂದಿನ ಬೆಂಚಿನವರ ಮುಖ ಅರಳಿತು. ಮುಂದಿನ ಬೆಂಚಿನವರ ಮುಖ ಬಾಡಿತು.

ಹಾಳೆಯಲ್ಲಿದ್ದದ್ದು ನಾನೇ ಕಟ್ಟಿದ ಕಥೆ. ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಓಡಿಸುವ ಒಬ್ಬ ಮಾಲೀಕರಿದ್ದಾರೆ. ಅವರಿಗೆ ಮೂರು ಬಸ್ಸು. ಮೇ ಒಂದರಂದು ಒಂದು ಬಸ್ಸಿನಲ್ಲಿ ಮಾತ್ರ ಸೀಟುಗಳ ಬೆನ್ನಿಗೆ ಕ್ಯೂಆರ್ ಕೋಡ್ ಅಂಟಿಸಿದರು. ಏಪ್ರಿಲ್‌ನಲ್ಲಿ ಆ ಬಸ್ಸಿನ ಕಲೆಕ್ಷನ್ ದಿನಕ್ಕೆ ಸರಾಸರಿ 14,200 ರೂಪಾಯಿ ಇತ್ತು. ಮೇ ತಿಂಗಳಲ್ಲಿ 17,000 ಆಯಿತು. ಮಗ ಹೇಳುತ್ತಾನೆ, 'ನೋಡಿ ಅಪ್ಪ, ನೂರಕ್ಕೆ ಇಪ್ಪತ್ತು ಜಾಸ್ತಿ. ಉಳಿದ ಬಸ್ಸಿಗೂ ಹಾಕುವ, ಹೊಸ ಟಿಕೆಟ್ ಮೆಷಿನ್ ಕೂಡ ತೆಗೊಳ್ಳುವ.' ಮಾಲೀಕರು ಏನು ಮಾಡಬೇಕು? ಇದು ಪ್ರಶ್ನೆ.

ಎರಡನೇ ಹಾಳೆಯಲ್ಲಿ ಉಳಿದ ಎರಡು ಬಸ್ಸುಗಳ ಲೆಕ್ಕ ಇತ್ತು. ಅವುಗಳಲ್ಲಿ ಕ್ಯೂಆರ್ ಇಲ್ಲ. ಆದರೂ ದಿನಕ್ಕೆ ಸರಾಸರಿ 13,800 ಇದ್ದದ್ದು 15,700 ಆಗಿದೆ. ಮೂರನೆಯದು ಕಂಡಕ್ಟರ್ ಬರೆದಿಟ್ಟ ಒಂದು ಸಾಲು: 'ಕ್ಯೂಆರ್ ಬಸ್ಸಿಗಿಂತ ಐದು ನಿಮಿಷ ಮುಂದೆ ಹೋಗುವ ಬೇರೆಯವರ ಬಸ್ಸು ಮೇಯಲ್ಲಿ 12 ದಿನ ಗ್ಯಾರೇಜಿನಲ್ಲಿತ್ತು.' ನಾಲ್ಕನೆಯದು ವಾಟ್ಸಾಪ್ ಫಾರ್ವರ್ಡ್. ಕ್ಯೂಆರ್ ಹಾಕಿದರೆ ಯಾವ ವ್ಯಾಪಾರವಾದರೂ ಡಬಲ್ ಆಗುತ್ತದಂತೆ.

ನಮ್ಮ ಕಡೆ ಬಸ್ಸುಗಳ ಟೈಮಿಂಗ್ ಜಗಳ ನೋಡಿದವರಿಗೆ ಮೂರನೇ ಹಾಳೆಯ ಬೆಲೆ ಗೊತ್ತು. ಐದು ನಿಮಿಷ ಮುಂದಿನ ಬಸ್ಸು ಇಲ್ಲ ಅಂದರೆ ಸ್ಟಾಪಿನಲ್ಲಿ ನಿಂತ ಜನ ಎಲ್ಲ ನಿಮ್ಮವರೇ.

ಒಂದು ಗಂಟೆಯ ನಂತರ ಹಾಳೆ ತೆಗೊಂಡೆ. ಹೆಚ್ಚಿನವರು ಎರಡು ಪುಟ ತುಂಬಿಸಿದ್ದರು. ನಗದುರಹಿತ ವ್ಯವಹಾರದ ಅನುಕೂಲಗಳು, ಅನಾನುಕೂಲಗಳು, ಉಪಸಂಹಾರ. ತಲೆಬರಹದ ಕೆಳಗೆ ಸ್ಕೇಲ್ ಇಟ್ಟು ಎಳೆದ ಗೆರೆ. ಹಿಂದಿನ ಸೆಮಿಸ್ಟರಿನಲ್ಲಿ ಎರಡು ಸಬ್ಜೆಕ್ಟ್ ಹೋದ ಒಬ್ಬ ಹುಡುಗ ಅರ್ಧ ಪುಟ ಬರೆದಿದ್ದ: 'ಕ್ಯೂಆರ್ ಇಲ್ಲದ ಬಸ್ಸಿಗೂ ನೂರಕ್ಕೆ 14 ಏರಿದೆ. ಮೇ ರಜೆ, ಮದುವೆ ಸೀಸನ್. ಉಳಿದ 6 ಮುಂದಿನ ಬಸ್ ಇರದ ಕಾರಣ ಇರಬಹುದು. ಜೂನ್ ಲೆಕ್ಕ ನೋಡಿ ಹೇಳುವ. ಸ್ಟಿಕ್ಕರ್ ಹಾಕಿ, ಮೆಷಿನ್ ಬೇಡ.'

ನಾವು ಮಾಮೂಲಿ ಪೇಪರ್ ತಿದ್ದುವ ಹಾಗೆ ತಿದ್ದಿದ್ದರೆ ಎರಡು ಪುಟದವರಿಗೆ ಹತ್ತರಲ್ಲಿ ಎಂಟು ಬರುತ್ತಿತ್ತು. ಈ ಹುಡುಗನಿಗೆ ಮೂರು. ಇದು ಯಾಕೆ ಹೀಗೆ ಆಗುತ್ತದೆ, ಬೇರೆ ದಾರಿ ಏನುಂಟು ಅನ್ನುವುದನ್ನೇ ಇಲ್ಲಿ ಬಿಡಿಸಿ ಹೇಳಲಿಕ್ಕೆ ಹೊರಟಿದ್ದೇನೆ.

ಮಾರ್ಕ್ಸ್ ಸುಳ್ಳು ಹೇಳುವುದಿಲ್ಲ, ಪೂರ್ತಿಯೂ ಹೇಳುವುದಿಲ್ಲ

ನಮ್ಮ ಎರಡು ಜಿಲ್ಲೆಗಳಿಗೆ ರಿಸಲ್ಟ್ ಅಂದರೆ ಅಣ್ಣತಮ್ಮಂದಿರ ಕಂಬಳ. 2025ರ ಎಸ್‌ಎಸ್‌ಎಲ್‌ಸಿಯಲ್ಲಿ ದಕ್ಷಿಣ ಕನ್ನಡ ಶೇ. 91.12 ತೆಗೆದು ಮೊದಲು ಬಂತು, ಉಡುಪಿ ಶೇ. 89.96 ತೆಗೆದು ಎರಡನೆಯದು. ಅದೇ ವರ್ಷ ಪಿಯುಸಿಯಲ್ಲಿ ಉಡುಪಿ ಶೇ. 93.90, ನಾವು ಶೇ. 93.57. ಈ ಅಂಕಿ ಬಗ್ಗೆ ನನಗೂ ಹೆಮ್ಮೆ ಇದೆ. ಹೊತ್ತಿಗೆ ಸರಿಯಾಗಿ ಕೂತು ಓದುವುದು, ನೆನಪಿಡುವುದು, ಮೂರು ಗಂಟೆಯಲ್ಲಿ ಬರೆದು ಮುಗಿಸುವುದು ಸಣ್ಣ ಸಂಗತಿ ಅಲ್ಲ. ಕೆಲಸದ ಜಾಗದಲ್ಲೂ ಇದು ಬೇಕು.

ಆದರೆ ಬೈಕಂಪಾಡಿಯಲ್ಲಿ ಸಣ್ಣ ಕಾರ್ಖಾನೆ ನಡೆಸುವ ನನ್ನ ಭಾವ ಊಟಕ್ಕೆ ಬಂದಾಗಲೆಲ್ಲ ಒಂದೇ ರಾಗ. 'ಎಂತ ಭಾವ, ನೀವು ಕಾಲೇಜಿನವರು ಮಕ್ಕಳಿಗೆ ಎಂತ ಕಲಿಸ್ತೀರಿ? ತೊಂಬತ್ತು ಪರ್ಸೆಂಟಿನ ಹುಡುಗ. ಲೋಡು ಎರಡು ದಿನ ತಡ ಆಗ್ತದೆ ಅಂತ ಕಸ್ಟಮರಿಗೆ ಫೋನ್ ಮಾಡಿ ಹೇಳ್ಲಿಕ್ಕೆ ಗೊತ್ತಿಲ್ಲ ಮಾರಾಯ್ರೆ. ನಾನು ಹೇಳ್ಲಿಲ್ಲ ಅಂತ ಸುಮ್ನೆ ಕೂತಿದ್ದಾನೆ!' ನಾನು ಸಾರು ಬಡಿಸಿ ಮಾತು ಬದಲಿಸುತ್ತೇನೆ. ಆದರೆ ಭಾವ ಹೇಳುವುದು ಬೈಕಂಪಾಡಿಯ ಮಾತು ಮಾತ್ರ ಅಲ್ಲ. ವರ್ಲ್ಡ್ ಎಕನಾಮಿಕ್ ಫೋರಂ 2025ರ ಉದ್ಯೋಗ ವರದಿಯಲ್ಲಿ ಕಂಪನಿಗಳನ್ನು ಕೇಳಿದಾಗ ಹತ್ತರಲ್ಲಿ ಏಳು, ವಿಶ್ಲೇಷಿಸಿ ಯೋಚಿಸುವ ಶಕ್ತಿಯೇ ನಮಗೆ ಮುಖ್ಯ ಅಂದಿವೆ.

ಹಾಗಾದರೆ ಅದನ್ನು ಅಳೆಯಿರಿ ಅಂದರೆ? ಮೊದಲು ಅಳೆಯುವುದು ಏನನ್ನು ಅಂತ ಗೊತ್ತಾಗಬೇಕಲ್ವಾ.

ಪಠ್ಯದಲ್ಲಿ ಇದಕ್ಕೆ 'ವಿಮರ್ಶಾತ್ಮಕ ಚಿಂತನೆ' ಅಂತಾರೆ. ಆ 'ವಿಮರ್ಶೆ' ಅನ್ನುವ ಪದ ಮಕ್ಕಳ ದಾರಿ ತಪ್ಪಿಸುತ್ತದೆ. ತಪ್ಪು ಹುಡುಕುವುದು ಅಂತ ಅವರು ತಿಳಿದುಕೊಳ್ಳುತ್ತಾರೆ. ಎಲ್ಲದಕ್ಕೂ 'ಇಲ್ಲ' ಅನ್ನುವವನು ಯೋಚಿಸುವವನಲ್ಲ, ಅವನು ಬರೀ ತಕರಾರಿನವನು. 1990ರಲ್ಲಿ ಅಮೆರಿಕದಲ್ಲಿ ಪೀಟರ್ ಫಾಸಿಯೋನ್ ಮುಂದಾಳತ್ವದಲ್ಲಿ 46 ಮಂದಿ ತಜ್ಞರು ಕೂಡಿ ಇದರ ಅರ್ಥ ಏನು ಅಂತ ಒಮ್ಮತಕ್ಕೆ ಬರಲು ಪ್ರಯತ್ನಿಸಿದರು. ಆರು ಕೌಶಲ ಹೆಸರಿಸಿದರು. ಹೇಳಿದ್ದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳುವುದು, ಬಿಡಿಸಿ ನೋಡುವುದು, ಎಷ್ಟು ನಂಬಬಹುದು ಅಂತ ತೂಗುವುದು, ಇದ್ದ ಮಾಹಿತಿಯಿಂದ ಮುಂದಿನದ್ದನ್ನು ಊಹಿಸುವುದು, ತನ್ನ ಕಾರಣವನ್ನು ಇನ್ನೊಬ್ಬರಿಗೆ ವಿವರಿಸುವುದು. ಆರನೆಯದು ನನಗೆ ಇಷ್ಟ: ತಾನು ಎಲ್ಲಿ ಎಡವುತ್ತಿದ್ದೇನೆ ಅಂತ ತಾನೇ ನೋಡಿಕೊಳ್ಳುವುದು. 'ಜೂನ್ ಲೆಕ್ಕ ನೋಡಿ ಹೇಳುವ' ಅಂದ ಹುಡುಗ ಮಾಡಿದ್ದು ಅದನ್ನೇ.

ಎಂ, ಎಲ್, ಸಿ

ನಮ್ಮ ಪರೀಕ್ಷೆಗಳು ಇದಕ್ಕೆ ಏನೂ ಮಾಡಿಲ್ಲ ಅಂತಲ್ಲ. ಇಂಜಿನಿಯರಿಂಗ್ ಓದುವ ಮಕ್ಕಳು ಮನೆಯಲ್ಲಿದ್ದರೆ ವಿಟಿಯುವಿನ ಇತ್ತೀಚಿನ ಪ್ರಶ್ನೆಪತ್ರಿಕೆ ತೆಗೆದು ನೋಡಿ. ಬಲಗಡೆ ಮೂರು ಸಣ್ಣ ಕಾಲಂ ಇರುತ್ತವೆ: ಎಂ, ಎಲ್, ಸಿ. ಎಂ ಅಂದರೆ ಮಾರ್ಕ್ಸ್. ಸಿ ಅಂದರೆ ಆ ವಿಷಯದಲ್ಲಿ ವಿದ್ಯಾರ್ಥಿ ಕಲಿಯಬೇಕಾದ ಯಾವ ಅಂಶಕ್ಕೆ ಈ ಪ್ರಶ್ನೆ ಸೇರಿದೆ ಅಂತ. ನಡುವಿನ ಎಲ್ ಅನ್ನುವುದೇ ಯೋಚನೆಯ ಮೆಟ್ಟಿಲು.

ಈ ಮೆಟ್ಟಿಲು ಕಟ್ಟಿದವರು ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು, 1956ರಲ್ಲಿ. 2001ರಲ್ಲಿ ಅದನ್ನು ತಿದ್ದಿ ಬರೆದರು. ಈಗ ಕ್ರಮ ಹೀಗಿದೆ: ನೆನಪಿಡು, ಅರ್ಥ ಮಾಡಿಕೊ, ಬಳಸು, ವಿಶ್ಲೇಷಿಸು, ತೂಗಿ ನೋಡು, ಹೊಸದು ಕಟ್ಟು. ಎಲ್ 1ರಿಂದ ಎಲ್ 6. ಎಲ್ಲ ಪ್ರಶ್ನೆ ಎಲ್ 1ರಲ್ಲೇ ಇದ್ದರೆ ಅದು ಬರೀ ಬಾಯಿಪಾಠದ ಪೇಪರ್ ಅಂತ ಲೆಕ್ಕ. ಹಾಗಾಗಬಾರದು ಅಂತ ಈ ಕಾಲಂ.

ಆದರೆ ಇಲ್ಲೊಂದು ತಮಾಷೆ ನಡೆಯುತ್ತದೆ. ಪ್ರಶ್ನೆಪತ್ರಿಕೆ ತೆಗೆಯುವವರು 'ವಿವರಿಸಿ' ಅಂತ ಇದ್ದ ಕಡೆ 'ವಿಶ್ಲೇಷಿಸಿ' ಅಂತ ಹಾಕುತ್ತಾರೆ. ಎಲ್ 2 ಇದ್ದದ್ದು ಎಲ್ 4 ಆಯಿತು. ಉತ್ತರ ಮಾತ್ರ ಅದೇ ಗೈಡಿನ ಅದೇ ಪುಟ. ನಾನೂ ಮಾಡಿದ್ದೇನೆ, ಒಪ್ಪಿಕೊಳ್ಳುತ್ತೇನೆ. ರಾತ್ರಿ ಹನ್ನೊಂದಕ್ಕೆ ಪೇಪರ್ ಕಳಿಸಬೇಕಾದಾಗ ಕ್ರಿಯಾಪದ ಬದಲಿಸುವಷ್ಟು ಸುಲಭದ ಕೆಲಸ ಬೇರೊಂದಿಲ್ಲ.

ಮೆಟ್ಟಿಲು ಪ್ರಶ್ನೆಯ ಕ್ರಿಯಾಪದದಲ್ಲಿ ಇರುವುದಿಲ್ಲ. ವಿದ್ಯಾರ್ಥಿ ಆ ಪ್ರಶ್ನೆಯನ್ನು ಮುಂಚೆ ನೋಡಿದ್ದಾನಾ ಇಲ್ವಾ ಅನ್ನುವುದರಲ್ಲಿ ಇರುತ್ತದೆ. ಕ್ಲಾಸಿನಲ್ಲಿ ಬಿಡಿಸಿದ ಕೇಸ್ ಸ್ಟಡಿಯನ್ನೇ ಪರೀಕ್ಷೆಯಲ್ಲಿ ಕೊಟ್ಟರೆ ಅದು ನೆನಪಿನ ಪರೀಕ್ಷೆ, ಹೆಸರು ಏನಾದರೂ ಇರಲಿ. ಅದೇ ಪಾಠವನ್ನು ಕಾಣದ ಕಥೆಯೊಂದಕ್ಕೆ ಹಚ್ಚಬೇಕಾದರೆ ಮಾತ್ರ ಯೋಚನೆ ಹೊರಗೆ ಬರುತ್ತದೆ. ಇದೊಂದು ನೆನಪಿದ್ದರೆ ಈ ವಿಷಯದ ಅರ್ಧ ಗೊಂದಲ ಹೋಗುತ್ತದೆ.

ಸಿಬಿಎಸ್‌ಇಗೆ ಇದರ ಬಿಸಿ ತಟ್ಟಿದೆ. 2014ರಲ್ಲಿ ಅವರು 9 ಮತ್ತು 11ನೇ ತರಗತಿಗೆ ಪುಸ್ತಕ ನೋಡಿ ಬರೆಯುವ ಪರೀಕ್ಷೆ ತಂದರು. ಓದಬೇಕಾದ ಪಠ್ಯವನ್ನು ನಾಲ್ಕು ತಿಂಗಳು ಮುಂಚೆ ಕೊಡುತ್ತಿದ್ದರು. ಕೆಲವು ವರ್ಷಗಳಲ್ಲಿ ನಿಲ್ಲಿಸಿದರು. ಮಕ್ಕಳ ಯೋಚನಾಶಕ್ತಿ ಅಂದುಕೊಂಡಷ್ಟು ಬೆಳೆಯಲಿಲ್ಲ ಅಂತ ಕಂಡಿತು. ನನಗೇನೂ ಆಶ್ಚರ್ಯ ಇಲ್ಲ. ನಾಲ್ಕು ತಿಂಗಳು ಕೈಯಲ್ಲಿದ್ದ ಪಠ್ಯಕ್ಕೆ ಟ್ಯೂಷನ್‌ನವರು ಮಾದರಿ ಉತ್ತರ ಕಟ್ಟದೆ ಬಿಡ್ತಾರಾ?

ಆಯ್ಕೆ ಪ್ರಶ್ನೆಯಲ್ಲಿ ಆಗುವುದಿಲ್ವಾ?

ಆಗುತ್ತದೆ, ಸ್ವಲ್ಪ ಮಟ್ಟಿಗೆ. ನಮಗೆ ಆಯ್ಕೆ ಪ್ರಶ್ನೆ ಅಂದರೆ ಸಿಇಟಿ, ನೀಟ್. ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ. ಅಲ್ಲಿ ಯೋಚಿಸುತ್ತಾ ಕೂತವನು ಹಿಂದೆ ಬೀಳುತ್ತಾನೆ. ಬೇಗ ಗುರುತು ಹಿಡಿಯುವವನಿಗೆ ಆ ಪರೀಕ್ಷೆ. ಆದರೆ ಬೇರೆ ನಮೂನೆಯ ಆಯ್ಕೆ ಪ್ರಶ್ನೆಯೂ ಇದೆ. ವಾಟ್ಸನ್-ಗ್ಲೇಸರ್ ಅನ್ನುವ ಪರೀಕ್ಷೆಯ ಬೇರು ಸುಮಾರು ನೂರು ವರ್ಷ ಹಳೆಯದು. ಇವತ್ತಿಗೂ ವಕೀಲರ ಸಂಸ್ಥೆಗಳು, ದೊಡ್ಡ ಕಂಪನಿಗಳು ಕೆಲಸಕ್ಕೆ ತೆಗೆದುಕೊಳ್ಳುವಾಗ ಅದನ್ನು ಬಳಸುತ್ತವೆ.

ಅದರ ಒಂದು ಭಾಗ ಹೇಗಿರುತ್ತದೆ ಅಂತ ನಮ್ಮೂರಿನ ಉದಾಹರಣೆ ಕಟ್ಟಿ ತೋರಿಸುತ್ತೇನೆ. 'ಒಂದು ಕಾಲೇಜಿನ 60 ಮಂದಿಯಲ್ಲಿ 45 ಮಂದಿ ಬಸ್ಸಿನಲ್ಲಿ ಬರುತ್ತಾರೆ. ನಿನ್ನೆ 8 ಮಂದಿ ತಡವಾಗಿ ಬಂದರು. ಅವರಲ್ಲಿ 6 ಮಂದಿ ಬಸ್ಸಿನವರು.' ಇದನ್ನು ಓದಿದ ಮೇಲೆ ಒಂದು ಮಾತು ಕೊಡುತ್ತಾರೆ: 'ಬಸ್ಸಿನಲ್ಲಿ ಬರುವವರೇ ಹೆಚ್ಚು ತಡ ಮಾಡುತ್ತಾರೆ.' ಇದು ಖಂಡಿತ ನಿಜವೋ, ಬಹುಶಃ ನಿಜವೋ, ಹೇಳಲು ಮಾಹಿತಿ ಸಾಲದೋ, ಬಹುಶಃ ಸುಳ್ಳೋ, ಖಂಡಿತ ಸುಳ್ಳೋ?

ತಡವಾದವರಲ್ಲಿ ಮುಕ್ಕಾಲು ಪಾಲು ಬಸ್ಸಿನವರು, ಹಾಗಾಗಿ ನಿಜ ಅಂತ ಕೈ ಎತ್ತುವವರೇ ಜಾಸ್ತಿ. ಆದರೆ ಕಾಲೇಜಿನಲ್ಲೂ ಮುಕ್ಕಾಲು ಪಾಲು ಬಸ್ಸಿನವರೇ ಅಲ್ವಾ. 45ರಲ್ಲಿ 6, 15ರಲ್ಲಿ 2. ಎರಡೂ ಒಂದೇ ಪ್ರಮಾಣ. ನಿನ್ನೆ ಒಂದು ದಿನದ ಲೆಕ್ಕದಿಂದ ಬಸ್ಸಿನವರ ಮೇಲೆ ಹೊರಿಸುವ ಹಾಗಿಲ್ಲ. 'ಮಾಹಿತಿ ಸಾಲದು' ಅನ್ನುವುದೂ ಒಂದು ಸರಿ ಉತ್ತರ ಆಗಬಹುದು ಅಂತ ನಮ್ಮ ಮಕ್ಕಳಿಗೆ ಯಾವ ಪರೀಕ್ಷೆಯೂ ಹೇಳಿಕೊಟ್ಟಿಲ್ಲ. ಉತ್ತರ ಬಿಟ್ಟರೆ ಮಾರ್ಕ್ಸ್ ಹೋಗುತ್ತದೆ, ಏನಾದರೂ ಬರೆ, ಅಂತಲೇ ನಾವು ಕಲಿಸಿದ್ದು.

ಇಂಥ ಪರೀಕ್ಷೆಯ ಅನುಕೂಲ, ಕಂಪ್ಯೂಟರ್ ತಿದ್ದುತ್ತದೆ, ಯಾರು ತಿದ್ದಿದರೂ ಮಾರ್ಕ್ಸ್ ಒಂದೇ. ಕೊರತೆ ಅಂದರೆ, ಕೊಟ್ಟ ಐದರಲ್ಲಿ ಒಂದು ಆರಿಸುವುದು ಒಂದು ಕೆಲಸ, ಯಾರೂ ಏನೂ ಕೊಡದೆ ನಾವೇ ಪ್ರಶ್ನೆ ಎತ್ತುವುದು ಬೇರೆಯೇ ಕೆಲಸ. ಭಾವನ ಕಾರ್ಖಾನೆಯಲ್ಲಿ ಲೋಡು ತಡವಾದ ದಿನ ಯಾರೂ ಬಂದು ನಾಲ್ಕು ಆಯ್ಕೆ ಕೊಡುವುದಿಲ್ಲ.

ನಾಲ್ಕು ಹಾಳೆಗೆ ಮಾರ್ಕ್ಸ್ ಹಾಕುವುದು

ನನ್ನ ಬಸ್ಸಿನ ಕಥೆಯ ಹಿಂದೆ ಇರುವುದು ಇನ್ನೊಂದು ದಾರಿ. ಅಮೆರಿಕದ ಕಾಲೇಜುಗಳಲ್ಲಿ ಸಿಎಲ್‌ಎ ಪ್ಲಸ್ ಅನ್ನುವ ಪರೀಕ್ಷೆ ಇದೆ. ಅದರಲ್ಲಿ ವಿದ್ಯಾರ್ಥಿಗೆ ಒಂದು ಸನ್ನಿವೇಶ, ಒಂದಿಷ್ಟು ದಾಖಲೆ ಕೊಡುತ್ತಾರೆ. ವರದಿ, ಪತ್ರ, ಪಟ್ಟಿ ಹೀಗೆ. ಕೆಲವು ನಂಬುವಂಥವು, ಕೆಲವು ಅಲ್ಲ. ಓದಿ, ಒಂದು ತೀರ್ಮಾನಕ್ಕೆ ಬಂದು, ಕಾರಣ ಬರೆಯಬೇಕು. ಇಂತಿಷ್ಟೇ ಸರಿ ಉತ್ತರ ಅಂತ ಇಲ್ಲ. ಉತ್ತರಕ್ಕೆ ಹೋದ ದಾರಿಗೆ ಮಾರ್ಕ್ಸ್.

ದಾರಿಗೆ ಮಾರ್ಕ್ಸ್ ಹಾಕಲು ಬೇಕಾದ್ದು ರೂಬ್ರಿಕ್. ಅಂದರೆ ಯಾವ ಯಾವ ಅಂಶ ನೋಡಬೇಕು, ಪ್ರತಿಯೊಂದರಲ್ಲಿ ಯಾವ ಮಟ್ಟಕ್ಕೆ ಎಷ್ಟು ಅಂತ ಮೊದಲೇ ಬರೆದಿಟ್ಟ ಕೋಷ್ಟಕ. ಅಮೆರಿಕದ ಕಾಲೇಜುಗಳ ಒಂದು ಸಂಘ 2009ರಲ್ಲಿ ಇಂಥದ್ದನ್ನು ಸಿದ್ಧಮಾಡಿ ಎಲ್ಲರಿಗೂ ಬಿಟ್ಟಿತು. ಅದರಲ್ಲಿ ವಿಮರ್ಶಾತ್ಮಕ ಚಿಂತನೆಗೆ ಐದು ಸಾಲು, ನಾಲ್ಕು ಮಟ್ಟ. ನಾನು ಅದನ್ನು ಮೂಲವಾಗಿ ಇಟ್ಟುಕೊಂಡು ನಾಲ್ಕು ಸಾಲಿಗೆ ಇಳಿಸಿದೆ. ಎಲ್ಲ ಸಾಲು ಇಲ್ಲಿ ಹೇಳುವುದಿಲ್ಲ, ಒಂದು ಸಾಕು. 'ಬೇರೆ ಕಾರಣ ಹುಡುಕಿದ್ದಾರಾ?' ಅನ್ನುವ ಸಾಲು ಹೀಗಿತ್ತು.

ಕ್ಯೂಆರ್ ಹಾಕಿದ್ದಕ್ಕೇ ಕಲೆಕ್ಷನ್ ಏರಿತು ಅಂತ ಒಪ್ಪಿಕೊಂಡು ಮುಂದೆ ಹೋದರೆ ಸೊನ್ನೆ. 'ಬೇರೆ ಕಾರಣವೂ ಇರಬಹುದು' ಅಂತ ಸುಮ್ನೆ ಹೇಳಿ ಬಿಟ್ಟರೆ 1. ರಜೆ ಅಥವಾ ಗ್ಯಾರೇಜಿನ ಬಸ್ಸು ಅಂತ ಹಾಳೆಯಿಂದ ಕಾರಣ ತೋರಿಸಿದರೆ 2. ಕ್ಯೂಆರ್ ಇಲ್ಲದ ಬಸ್ಸುಗಳ ಜೊತೆ ಹೋಲಿಸಿ, 20ರಲ್ಲಿ 14 ಹೇಗೂ ಬರುತ್ತಿತ್ತು ಅಂತ ಲೆಕ್ಕ ಹಾಕಿದರೆ 3.

ಇಷ್ಟು ಬರೆದಿಟ್ಟ ಮೇಲೆ ಅರ್ಧ ಪುಟದ ಹುಡುಗನಿಗೆ ಈ ಸಾಲಿನಲ್ಲಿ 3 ಬಂತು. ಎರಡು ಪುಟ ಬರೆದ, ಸ್ಕೇಲ್ ಗೆರೆ ಎಳೆದ ಹೆಚ್ಚಿನವರಿಗೆ ಸೊನ್ನೆ. ಅವರಲ್ಲಿ ಒಬ್ಬಳು, ಕ್ಲಾಸಿನ ಟಾಪರ್, ಸಂಜೆ ಸ್ಟಾಫ್ ರೂಮಿಗೆ ಬಂದಳು. 'ಸರ್, ಇದರ ಸಿಲಬಸ್ ಯಾವುದು?' ಅಂತ ಕೇಳಿದಳು. ತಮಾಷೆ ಅಲ್ಲ, ಅವಳಿಗೆ ನಿಜವಾಗಿ ಬೇಸರ ಆಗಿತ್ತು. ಹದಿನೈದು ವರ್ಷ ಒಂದು ಆಟದ ನಿಯಮ ಹೇಳಿಕೊಟ್ಟು, ಒಂದು ಶನಿವಾರ ಏಕಾಏಕಿ ಬೇರೆ ಆಟ ಆಡಿಸಿದ ಹಾಗೆ ಆಯಿತು. ತಪ್ಪು ಅವಳದ್ದಲ್ಲ.

ಆದರೆ ರೂಬ್ರಿಕ್ ಇದ್ದರೆ ಎಲ್ಲ ಸರಿಯಾಗುತ್ತದೆ ಅಂದುಕೊಂಡಿದ್ದ ನನಗೂ ಒಂದು ಪೆಟ್ಟು ಕಾದಿತ್ತು. ಸಹೋದ್ಯೋಗಿ ಮೇಡಂ ಒಬ್ಬರಿಗೆ ಅವೇ ಪೇಪರ್‌ಗಳಲ್ಲಿ 20 ಕೊಟ್ಟು, ನನ್ನ ಮಾರ್ಕ್ಸ್ ತೋರಿಸದೆ ತಿದ್ದಲು ಹೇಳಿದೆ. ಒಟ್ಟಾರೆ 'ಸಾಕು', 'ಸಾಲದು' ಅಂತ ಎರಡೇ ಗುಂಪು ಮಾಡಿದಾಗ 14 ಪೇಪರ್‌ನಲ್ಲಿ ನಾವಿಬ್ಬರು ಒಂದೇ ಕಡೆ ಇದ್ದೆವು. 20ರಲ್ಲಿ 14, ಅಂದರೆ ನೂರಕ್ಕೆ 70. ಪರವಾಗಿಲ್ಲ ಅನಿಸುತ್ತದೆ ಅಲ್ವಾ?

ಇಲ್ಲಿ ಸ್ವಲ್ಪ ನಿಲ್ಲಿ. ನಾವಿಬ್ಬರೂ ಅರ್ಧಕ್ಕರ್ಧ ಪಾಸ್ ಮಾಡಿದ್ದೆವು. ಪೇಪರ್ ಓದದೆ ಇಬ್ಬರೂ ನಾಣ್ಯ ಚಿಮ್ಮಿದ್ದರೂ ಸುಮಾರು ನೂರಕ್ಕೆ 50 ಹೊಂದಿಕೆ ಆಗುತ್ತಿತ್ತು. ಆಕಸ್ಮಿಕದ ಆ 50 ಕಳೆದರೆ ನಮ್ಮ ನಿಜವಾದ ಗಳಿಕೆ 20. ಗಳಿಸಲು ಸಾಧ್ಯವಿದ್ದದ್ದು 50. 50ರಲ್ಲಿ 20, ಅಂದರೆ 0.4. ಈ ಲೆಕ್ಕಕ್ಕೆ 'ಕಪ್ಪಾ' ಅಂತ ಹೆಸರು. ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟದ್ದು. 1 ಬಂದರೆ ಪೂರ್ತಿ ಹೊಂದಿಕೆ, ಸೊನ್ನೆ ಬಂದರೆ ನಾಣ್ಯ ಚಿಮ್ಮಿದ್ದಕ್ಕೆ ಸಮ. ನಮ್ಮ 0.4 ಇಟ್ಟುಕೊಂಡು ಒಬ್ಬ ಹುಡುಗನ ಭವಿಷ್ಯ ತೀರ್ಮಾನ ಮಾಡಲಿಕ್ಕೆ ನನಗಂತೂ ಧೈರ್ಯ ಇಲ್ಲ.

ಎಲ್ಲಿ ತಪ್ಪಿತು ಅಂತ ಕೂತು ನೋಡಿದೆವು. ಮೇಡಂ ಒಳ್ಳೆಯ ಇಂಗ್ಲಿಷಿಗೆ ಮನಸೋತಿದ್ದರು. ನಾನು ಬಸ್ಸಿನ ವಿಷಯ ಗೊತ್ತಿದ್ದವರ ಕಡೆ ವಾಲಿದ್ದೆ. ಕೇರಳದಿಂದ ಬಂದು ಹಾಸ್ಟೆಲಿನಲ್ಲಿ ಇರುವ ಹುಡುಗಿಗೆ ನಮ್ಮ ಟೈಮಿಂಗ್ ಜಗಳ ಹೇಗೆ ಗೊತ್ತಾಗಬೇಕು? ಯೋಚನೆಯ ಪರೀಕ್ಷೆ ಅಂತ ಇಟ್ಟದ್ದು ಅವಳಿಗೆ ಊರಿನ ಸಾಮಾನ್ಯ ಜ್ಞಾನದ ಪರೀಕ್ಷೆ ಆಗಿಬಿಟ್ಟಿತ್ತು. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷಿನ ಪರೀಕ್ಷೆ ಆಗಿತ್ತು. ಯೋಚನೆ ಗಾಳಿಯಲ್ಲಿ ನಡೆಯುವುದಿಲ್ಲ. ಯಾವುದೋ ವಿಷಯದ ಮೇಲೆ, ಯಾವುದೋ ಭಾಷೆಯಲ್ಲಿ ನಡೆಯುತ್ತದೆ. ಹಾಗಾಗಿ ಬೇಕಾದ ಮಾಹಿತಿಯನ್ನೆಲ್ಲ ಹಾಳೆಯಲ್ಲೇ ಕೊಡಬೇಕು, ಕನ್ನಡದಲ್ಲಿ ಬರೆಯಲು ಬಿಡಬೇಕು, ಭಾಷೆಗೆ ಬೇಕಿದ್ದರೆ ಬೇರೆ ಸಾಲು ಇಡಬೇಕು. ಎರಡನೇ ಸಲ ಹಾಗೆ ಮಾಡಿದೆವು. ತಿದ್ದುವ ಮುಂಚೆ ಐದು ಪೇಪರ್ ಒಟ್ಟಿಗೆ ಕೂತು ತಿದ್ದಿ, ಜಗಳ ಆಡಿ, ಆಮೇಲೆ ಬೇರೆ ಬೇರೆ ತಿದ್ದಿದೆವು. ಹೊಂದಿಕೆ ಚೆನ್ನಾಗಿ ಏರಿತು.

ರೂಬ್ರಿಕ್ ಇಲ್ಲದೆಯೂ ಒಂದು ಉಪಾಯ ಇದೆ. ಮೀನು ಮಾರ್ಕೆಟ್ಟಿನಲ್ಲಿ ಒಂದೇ ಬಂಗುಡೆ ತೋರಿಸಿ, ಇದಕ್ಕೆ ನೂರರಲ್ಲಿ ಎಷ್ಟು ಅಂದರೆ ಯಾರೂ ಒಂದೇ ಸಂಖ್ಯೆ ಹೇಳುವುದಿಲ್ಲ. ಎರಡು ಬಂಗುಡೆ ಪಕ್ಕದಲ್ಲಿಟ್ಟು ಯಾವುದು ತಾಜಾ ಅಂದರೆ ಹೆಚ್ಚಿನವರ ಬೆರಳು ಒಂದೇ ಕಡೆ ಹೋಗುತ್ತದೆ. ಥರ್ಸ್‌ಟನ್ ಅನ್ನುವ ಮನಶ್ಶಾಸ್ತ್ರಜ್ಞ 1927ರಲ್ಲಿ ಇದಕ್ಕೆ ಗಣಿತದ ರೂಪ ಕೊಟ್ಟ. ಈಗ ಕೆಲವು ದೇಶಗಳಲ್ಲಿ ಪ್ರಬಂಧಗಳನ್ನು ಹೀಗೆ ಎರಡೆರಡಾಗಿ ಅನೇಕ ಶಿಕ್ಷಕರಿಗೆ ತೋರಿಸಿ, 'ಯಾವುದು ಮೇಲು' ಅಂತಷ್ಟೇ ಕೇಳಿ, ಕಂಪ್ಯೂಟರಿನಿಂದ ಕ್ರಮ ಕಟ್ಟಿಸುತ್ತಾರೆ. ನಾನು ಇನ್ನೂ ಮಾಡಿ ನೋಡಿಲ್ಲ. ಆಸೆ ಇದೆ.

ಒಬ್ಬ ಮಾಡ್ತಾನೆ, ನಾಲ್ವರು ಹೆಸರು ಹಾಕ್ತಾರೆ

ಇಷ್ಟು ಹೊತ್ತು ಒಬ್ಬನೇ ಕೂತು ಯೋಚಿಸುವ ಮಾತಾಯಿತು. ಕೆಲಸದ ಜಾಗದಲ್ಲಿ ನಾಲ್ಕು ಜನರ ಜೊತೆ ಯೋಚಿಸಬೇಕು. ಅದನ್ನು ಅಳೆಯುವ ನಮ್ಮ ಸಾಧನ ಗ್ರೂಪ್ ಪ್ರಾಜೆಕ್ಟ್. ಅದರ ಕಥೆ ನಿಮಗೆಲ್ಲ ಗೊತ್ತು. ಒಬ್ಬಳು ರಾತ್ರಿ ನಿದ್ದೆಗೆಟ್ಟು ಮಾಡುತ್ತಾಳೆ, ಒಬ್ಬ ಪ್ರಿಂಟ್ ತೆಗೆಸಿ ಬೈಂಡಿಂಗ್ ಮಾಡಿಸುತ್ತಾನೆ, ಉಳಿದವರು ಹೆಸರು ಹಾಕುತ್ತಾರೆ. ಎಲ್ಲರಿಗೂ 18/20.

ಗುಂಪಿನವರೇ ಒಬ್ಬರಿಗೊಬ್ಬರು ಪಾಲು ಹಂಚುವುದು ಒಂದು ಪರಿಹಾರ. ಪ್ರತಿಯೊಬ್ಬನಿಗೂ ನೂರು ಪಾಯಿಂಟ್ ಕೊಟ್ಟು, ತನ್ನನ್ನು ಬಿಟ್ಟು ಉಳಿದವರಿಗೆ ಗುಟ್ಟಾಗಿ ಹಂಚು ಅನ್ನುವುದು. ಮೊದಲ ಸಲ ಎಲ್ಲರೂ ಸಮಪಾಲು ಕೊಟ್ಟರು. ದೋಸ್ತಿ! ಪ್ರತಿ ಪಾಲಿನ ಪಕ್ಕ 'ಇವರು ಮಾಡಿದ ಒಂದು ಕೆಲಸ ಬರೆ' ಅಂತ ಖಾಲಿ ಸಾಲು ಸೇರಿಸಿದ ಮೇಲೆ ಸತ್ಯ ಹೊರಬರಲು ಶುರುವಾಯಿತು. ಬರೆಯಲು ಏನೂ ಇಲ್ಲದಿದ್ದಾಗ 25 ಹಾಕಲು ಕೈ ಬರುವುದಿಲ್ಲ.

ಪಿಸಾ ಪರೀಕ್ಷೆ ನಡೆಸುವವರು ಇನ್ನೊಂದು ತುದಿಗೆ ಹೋದರು. 15 ವರ್ಷದ ಮಕ್ಕಳಿಗೆ ದೇಶದೇಶಗಳಲ್ಲಿ ನಡೆಸುವ ಪರೀಕ್ಷೆ ಅದು. 2015ರಲ್ಲಿ ಜೊತೆಗೂಡಿ ಸಮಸ್ಯೆ ಬಿಡಿಸುವ ಶಕ್ತಿಯನ್ನೂ ಅಳೆದರು. ಜೊತೆಗಾರರು ಯಾರು ಗೊತ್ತಾ? ಕಂಪ್ಯೂಟರ್. ಪರದೆಯಲ್ಲಿ ಒಬ್ಬ ಕಾಲ್ಪನಿಕ ಗೆಳೆಯ ತಪ್ಪು ಮಾಡುತ್ತಾನೆ, ಇನ್ನೊಬ್ಬ ವಿಷಯ ಬಿಟ್ಟು ಮಾತಾಡುತ್ತಾನೆ, ನೀವು ಅವನನ್ನು ದಾರಿಗೆ ತರಬೇಕು. ಎಲ್ಲ ಮಕ್ಕಳಿಗೂ ಅದೇ ಗೆಳೆಯರು ಸಿಗುವುದರಿಂದ ನ್ಯಾಯ ಆಯಿತು. ಆದರೆ ಮುನಿಸಿಕೊಂಡು ಫೋನ್ ಎತ್ತದ ನಿಜವಾದ ಗೆಳೆಯನನ್ನು ಸಂಭಾಳಿಸುವುದು ಅದರಲ್ಲಿ ಬರುವುದಿಲ್ಲ.

ಈ ವಿಷಯದಲ್ಲಿ ನಾವೆಲ್ಲ ವೈದ್ಯಕೀಯದವರಿಂದ ಕಲಿಯಬೇಕು. ಮಂಗಳೂರು, ಮಣಿಪಾಲದಲ್ಲಿ ಎಂಬಿಬಿಎಸ್ ಓದುವವರು ಮನೆಯಲ್ಲಿದ್ದರೆ 'ಆಸ್ಕಿ' ಅನ್ನುವ ಪದ ಕೇಳಿರುತ್ತೀರಿ. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ 1975ರಲ್ಲಿ ಮುಂದಿಟ್ಟ ಪರೀಕ್ಷೆ ಅದು. ನನ್ನ ಅಕ್ಕನ ಮಗಳು ವಿವರಿಸಿದ್ದು ಹೀಗೆ: 'ಸಾಲಾಗಿ ಟೇಬಲ್ ಇರ್ತದೆ ಮಾಮ. ಬೆಲ್ ಹೊಡೆದ ಕೂಡಲೇ ಮುಂದಿನ ಟೇಬಲಿಗೆ ಹೋಗ್ಬೇಕು. ಒಂದರಲ್ಲಿ ಬಿಪಿ ನೋಡು. ಇನ್ನೊಂದರಲ್ಲಿ ರೋಗಿಯ ಹಾಗೆ ಆ್ಯಕ್ಟ್ ಮಾಡುವವರು ಕೂತಿರ್ತಾರೆ. ಅವರಿಗೆ ಶುಗರ್ ಉಂಟು ಅಂತ ಹೇಳ್ಬೇಕು. ಮೂಲೆಯಲ್ಲಿ ಸರ್ ಲಿಸ್ಟ್ ಹಿಡ್ಕೊಂಡು ಟಿಕ್ ಹಾಕ್ತಾರೆ. ನಾನು ಹೆಸರು ಕೇಳ್ಲಿಕ್ಕೆ ಮರೆತೆ, ಒಂದು ಮಾರ್ಕ್ ಹೋಯ್ತು.'

ರೋಗಿಯ ಹೆಸರು ಕೇಳಲು ಮರೆತದ್ದಕ್ಕೆ ಒಂದು ಮಾರ್ಕ್! ನಮ್ಮ ಬಿಕಾಂ ಪರೀಕ್ಷೆಯಲ್ಲಿ ಇದಕ್ಕೆ ಸಮನಾದದ್ದು ಏನಿದೆ? ಸಂವಹನ ಕೌಶಲ ಅನ್ನುವ ಸಬ್ಜೆಕ್ಟ್ ಇದೆ. ಅದರಲ್ಲಿ 'ಪರಿಣಾಮಕಾರಿ ಸಂವಹನದ ಏಳು ಲಕ್ಷಣಗಳನ್ನು ಬರೆಯಿರಿ' ಅನ್ನುವ ಪ್ರಶ್ನೆ ಬರುತ್ತದೆ. ಈಜು ಕಲಿಸಲು ಕಪ್ಪು ಹಲಗೆ ಮೇಲೆ ನೀರಿನ ಚಿತ್ರ ಬರೆದ ಹಾಗೆ. ಭಾವನ ಕಷ್ಟವನ್ನೇ ಒಂದು ಟೇಬಲ್ ಮಾಡಬಹುದಲ್ಲ? ಫೋನ್ ರಿಂಗ್ ಆಗುತ್ತದೆ. ಆ ಕಡೆ ಸಿಟ್ಟಾದ ಕಸ್ಟಮರ್. ಲೋಡು ಎರಡು ದಿನ ತಡ. ಐದು ನಿಮಿಷ. ವಿಷಯ ಮೊದಲು ಹೇಳಿದನಾ, ನೆಪ ಮೊದಲು ಹೇಳಿದನಾ? ಹೊಸ ದಿನಾಂಕ ಕೊಟ್ಟನಾ? ಆಗದ್ದನ್ನು ಆಗುತ್ತದೆ ಅಂತ ಒಪ್ಪಿಕೊಂಡನಾ? ಟಿಕ್, ಟಿಕ್.

ಖರ್ಚು ಇದೆ. ಅರುವತ್ತು ಮಕ್ಕಳಿಗೆ ಐದೈದು ನಿಮಿಷ ಅಂದರೆ ಒಂದು ಟೇಬಲಿಗೆ ಐದು ಗಂಟೆ, ಒಬ್ಬ ಪರೀಕ್ಷಕ, ಸಿಟ್ಟಾದ ಕಸ್ಟಮರ್ ಆಗಲು ಒಬ್ಬರು. ಈ ಎಲ್ಲ ಚರ್ಚೆ ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಯೋಚನೆಯನ್ನು ಅಳೆಯಲು ಆಗುವುದಿಲ್ಲ ಅಂತಲ್ಲ. ಅಗ್ಗವಾಗಿ ಅಳೆಯಲು ಆಗುವುದಿಲ್ಲ.

ತಾಳಮದ್ದಳೆಯ ಎದುರಾಳಿ

ಮೊದಲಾದರೆ ಮನೆಗೆ ಅಸೈನ್‌ಮೆಂಟ್ ಕೊಟ್ಟು ಸ್ವಲ್ಪ ಬಚಾವಾಗುತ್ತಿದ್ದೆವು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಆ ದಾರಿಯೂ ಮುಚ್ಚಿತು. ನನ್ನ ಬಸ್ಸಿನ ಕಥೆಯನ್ನು ಅದಕ್ಕೆ ಕೊಟ್ಟು ನೋಡಿದೆ. ಬಹಳ ಚೆನ್ನಾಗಿ ಬರೆಯಿತು, ರಜೆ, ಗ್ಯಾರೇಜು, ಹೋಲಿಕೆ ಎಲ್ಲ. ಹಾಗಾಗಿ ಮನೆಯಿಂದ ಬರುವ ಹಾಳೆ ಈಗ ಯಾರ ಯೋಚನೆ ಅಂತ ಗೊತ್ತಾಗುವುದಿಲ್ಲ. ಉಳಿದದ್ದು ಎದುರು ಕೂರಿಸಿ ಕೇಳುವುದು.

ಇದು ನಮ್ಮ ಕಡೆಯವರಿಗೆ ಹೊಸತಲ್ಲ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಮಾತೇ ಎಲ್ಲ. ವಾಲಿ ವಧೆ ಪ್ರಸಂಗ ಎಷ್ಟು ಸಲ ನೋಡಿದ್ದೇವೆ! 'ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ?' ಅಂತ ವಾಲಿ ಕೇಳುತ್ತಾನೆ ಅನ್ನುವುದು ರಾಮನ ಅರ್ಥ ಹೇಳುವವರಿಗೆ ಮೊದಲೇ ಗೊತ್ತು. ಉತ್ತರ ಕಟ್ಟಿಕೊಂಡೇ ಬಂದಿರುತ್ತಾರೆ. ಆದರೆ ಎದುರಿನ ಅರ್ಥಧಾರಿ ಆ ಉತ್ತರದ ಒಳಗಿಂದಲೇ ಇನ್ನೊಂದು ಪ್ರಶ್ನೆ ಎತ್ತಿದಾಗ ಗೊತ್ತಾಗುತ್ತದೆ, ಇವರದ್ದು ಕಂಠಪಾಠವೋ ಸ್ವಂತದ್ದೋ ಅಂತ. ಮುಂದಿನ ಸಾಲಿನಲ್ಲಿ ಕೂತ ಅಜ್ಜಂದಿರು ರೂಬ್ರಿಕ್ ಇಲ್ಲದೆಯೇ ತಲೆ ಅಲ್ಲಾಡಿಸಿ ಮಾರ್ಕ್ಸ್ ಹಾಕುತ್ತಾರೆ.

ವೈವಾದಲ್ಲಿ ನಾವು ತಪ್ಪುವುದು ಆ ಎರಡನೇ ಪ್ರಶ್ನೆಯಲ್ಲೇ. ಪಟ್ಟಿಯಿಂದ ಒಂದು ಕೇಳುತ್ತೇವೆ, ಉತ್ತರ ಬಂದರೆ ಪಟ್ಟಿಯ ಮುಂದಿನದಕ್ಕೆ ಹೋಗುತ್ತೇವೆ. ಮಾಡಬೇಕಾದದ್ದು ಅವರ ಉತ್ತರದ ಬಾಲ ಹಿಡಿದು ಎಳೆಯುವುದು. 'ಗ್ಯಾರೇಜಿನಲ್ಲಿದ್ದ ಬಸ್ಸು ಜೂನ್‌ನಲ್ಲೂ ಬರಲಿಲ್ಲ ಅಂತಿಟ್ಟುಕೊ. ಆಗ ನಿನ್ನ ತೀರ್ಮಾನ ಬದಲಾಗುತ್ತದಾ?' ಮೂರು ನಿಮಿಷ ಸಾಕು. ನಾಚಿಕೆಯ ಮಕ್ಕಳಿಗೆ ಕಷ್ಟ, ಅದು ನಿಜ. ಅವರಿಗೆ ಪ್ರಶ್ನೆ ಬರೆದು ಕೊಟ್ಟು ಎರಡು ನಿಮಿಷ ಯೋಚಿಸಲು ಬಿಡುತ್ತೇನೆ. ತುಳುವಿನಲ್ಲಿ ಹೇಳಿದರೂ ನಡೆಯುತ್ತದೆ.

ಹಾಗೆ ವೈವಾ ಮಾಡುವಾಗ ಒಬ್ಬ ಹುಡುಗಿಯ ಹಾಳೆ ನನ್ನ ಮುಂದಿತ್ತು. ಏನೂ ತೀರ್ಮಾನ ಬರೆದಿರಲಿಲ್ಲ. ಕೊನೆಯಲ್ಲಿ ಒಂದೇ ಸಾಲು: 'ಕಂಡಕ್ಟರ್ ಹತ್ತಿರ ಮಾತಾಡದೆ ನಾನು ಹೇಳುವುದಿಲ್ಲ.' ಯಾಕೆ ಅಂತ ಕೇಳಿದೆ. 'ಸರ್, ಕ್ಯೂಆರ್ ಬಂದ ಮೇಲೆ ಜನ ಜಾಸ್ತಿ ಆದ್ರಾ, ಅಥವಾ ಮೊದಲು ಪೂರ್ತಿ ಲೆಕ್ಕಕ್ಕೆ ಬರದ ದುಡ್ಡು ಈಗ ಅಕೌಂಟಿಗೆ ಬೀಳ್ತಾ ಉಂಟಾ? ಈ ಹಾಳೆಯಲ್ಲಿ ಟಿಕೆಟ್ ಎಷ್ಟು ಹೋಯ್ತು ಅಂತ ಇಲ್ವಲ್ಲ' ಅಂದಳು.

ಕಥೆ ಕಟ್ಟಿದ ನನಗೇ ಅದು ಹೊಳೆದಿರಲಿಲ್ಲ. ರೂಬ್ರಿಕ್‌ನಲ್ಲಿ ತೀರ್ಮಾನ ಇಲ್ಲದಿದ್ದರೆ ಸೊನ್ನೆ ಅಂತ ಇತ್ತು. ಮೇಡಂ ಸೊನ್ನೆಯೇ ಸರಿ ಅಂದರು, ನಿಯಮ ನಿಯಮವೇ. ನಾನು ಮೂರು ಅಂದೆ. ಅರ್ಧ ಗಂಟೆ ವಾದ ನಡೆಯಿತು, ಕ್ಯಾಂಟೀನಿನಿಂದ ಎರಡು ಸಲ ಚಾ ಬಂತು. ಕೊನೆಗೆ ಎರಡು ಕೊಟ್ಟು, 'ಇಲ್ಲದ ಮಾಹಿತಿ ಯಾವುದು ಅಂತ ಹೆಸರಿಸಿದ್ದಾರಾ?' ಅನ್ನುವ ಐದನೇ ಸಾಲು ಸೇರಿಸಿದೆವು.

ಈ ವರ್ಷ ಬಸ್ಸಿನ ಕಥೆ ಕೊಡುವ ಹಾಗಿಲ್ಲ. ಸೀನಿಯರ್‌ಗಳ ವಾಟ್ಸಾಪ್ ಗ್ರೂಪಿನಲ್ಲಿ ನಾಲ್ಕೂ ಹಾಳೆ, ಜೊತೆಗೆ ಒಂದು ಮಾದರಿ ಉತ್ತರ ಆಗಲೇ ಓಡಾಡುತ್ತಿವೆಯಂತೆ. ಮಲ್ಪೆಯ ಒಂದು ಐಸ್ ಪ್ಲಾಂಟಿನ ಕಥೆ ಬರೆಯುತ್ತಾ ಕೂತಿದ್ದೇನೆ.